ಆಟಗಾರರ ಕೇಸು ನೋಡೋ ವಕೀಲರ ಬಗ್ಗೆ ನಮ್ಮನೆ ಅನುಭವ (ತಮ್ಮನ ಡೋಪಿಂಗ್ ನೋಟೀಸು), 5ಕ್ಕೆ 4.5

ಮೊದಲೇ ಒಂದು ಮಾತು, ವಕೀಲರ ಹೆಸರು ಇಲ್ಲಿ ಹಾಕ್ತಿಲ್ಲ. ನಿಮ್ಮ ಬಗ್ಗೆ ಬರೀತೀನಿ ಸರ್ ಅಂದಾಗ ಅವರೇ ಬೇಡ ಅಂದ್ರು. ಬಾರ್ ಕೌನ್ಸಿಲ್ ನಿಯಮ 36ರ ಪ್ರಕಾರ ವಕೀಲರು ಜಾಹೀರಾತು ಮಾಡ್ಕೊಳ್ಳೋ ಹಾಗಿಲ್ಲ, ನೀವು ಹೊಗಳಿ ಬರೆದ್ರೆ ನಾನೇ ಬರೆಸಿದ ಹಾಗೆ ಕಾಣುತ್ತೆ, ಅನುಭವ ಬರೀರಿ, ಹೆಸರು ಬಿಟ್ಬಿಡಿ ಅಂದ್ರು. ಹಂಗಾಗಿ ಬೆಂಗಳೂರಲ್ಲಿ ಹೈಕೋರ್ಟಿಗೆ ನಡ್ಕೊಂಡು ಹೋಗೋ ಅಷ್ಟು ದೂರದಲ್ಲಿ ಒಂದು ಚಿಕ್ಕ ಆಫೀಸು, ಸರ್ ಒಬ್ಬರು, ಜೂನಿಯರ್ ಮೇಡಂ ಇಬ್ಬರು, ಆಟಗಾರರ ಕಾಂಟ್ರಾಕ್ಟು, ಡೋಪಿಂಗು (ಆಟದಲ್ಲಿ ನಿಷೇಧ ಇರೋ ಔಷಧಿ ಮೈಯಲ್ಲಿ ಸಿಗೋದು), ಸೆಲೆಕ್ಷನ್ ತಕರಾರು ಇಂಥವನ್ನೇ ನೋಡ್ತಾರೆ ಅಂತ ಮಾತ್ರ ಹೇಳ್ತೀನಿ. ಆಟಗಾರರಿಗೇ ಅಂತ ಬೇರೆ ವಕೀಲರು ಇರ್ತಾರೆ ಅನ್ನೋದೇ ನಮಗೆ ಗೊತ್ತಿರಲಿಲ್ಲ, ಗೊತ್ತಿದ್ದಿದ್ರೆ ಮೊದಲ ಹದಿನೈದು ದಿನ ಅಷ್ಟು ಅಳ್ತಿರಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿರೋದು.

ನನ್ನ ತಮ್ಮ ಕಬಡ್ಡಿ ಆಡ್ತಾನೆ, ಲೆಫ್ಟ್ ಕಾರ್ನರ್. ನಮ್ಮದು ಚನ್ನರಾಯಪಟ್ಟಣ ಕಡೆ ಹಳ್ಳಿ, ಎರಡೂವರೆ ಎಕರೆ ತೆಂಗು, ಅಪ್ಪನಿಗೆ ಮಂಡಿ ನೋವು, ನಾನು ಪಟ್ಟಣದಲ್ಲಿ ಒಂದು ಹಾರ್ಡ್‌ವೇರ್ ಅಂಗಡೀಲಿ ಲೆಕ್ಕ ಬರೀತೀನಿ. ಅವನು ಊರ ಹಬ್ಬದ ಟೂರ್ನಮೆಂಟಲ್ಲಿ ಮಣ್ಣಲ್ಲಿ ಆಡ್ತಿದ್ದವನು, ಪಿಟಿ ಮೇಷ್ಟ್ರು ಹಿಡ್ಕೊಂಡು ಹೋಗಿ ಮ್ಯಾಟ್ ಮೇಲೆ ನಿಲ್ಲಿಸಿದ್ರು, ಅಲ್ಲಿಂದ ಜಿಲ್ಲೆ, ರಾಜ್ಯ, ಆಮೇಲೆ ಒಂದು ಲೀಗ್ ಟೀಮಲ್ಲಿ ಹೊಸ ಹುಡುಗರ ಜೊತೆ ಸೇರಿಸ್ಕೊಂಡ್ರು. ಮೊದಲ ಕಂತು ದುಡ್ಡು ಬಂದಾಗ ಅವನು ಮಾಡಿಸಿದ್ದು ಮನೆಗೆ ಬಚ್ಚಲು, ಎರಡನೇದು ಅವ್ವನಿಗೆ ಕಿವಿ ಓಲೆ. ಇದು ಯಾಕೆ ಹೇಳ್ತಿದೀನಿ ಅಂದ್ರೆ ಇವನಿಗೆ ಕಬಡ್ಡಿ ಅಂದ್ರೆ ಹವ್ಯಾಸ ಅಲ್ಲ, ಸಂಬಳ. ಒಂದು ಸೀಸನ್ ಹೋದ್ರೆ ಒಂದು ವರ್ಷದ ಊಟ ಹೋದ ಹಾಗೆ, ಎರಡು ಸೀಸನ್ ಹೋದ್ರೆ ಹೆಸರೇ ಮರ್ತುಹೋಗುತ್ತೆ, ಯಾಕಂದ್ರೆ ಹಿಂದೆ ಇನ್ನೂ ಇಪ್ಪತ್ತು ಹುಡುಗರು ಕಾಯ್ತಿರ್ತಾರೆ.

ಹೋದ ವರ್ಷ ಜನವರೀಲಿ ಒಂದು ಟೂರ್ನಮೆಂಟಲ್ಲಿ ಮ್ಯಾಚ್ ಮುಗಿದ ತಕ್ಷಣ ಇವನನ್ನ ಕರ್ಕೊಂಡು ಹೋಗಿ ಮೂತ್ರದ ಸ್ಯಾಂಪಲ್ ತಗೊಂಡ್ರು. ಮಾಮೂಲಿ ಟೆಸ್ಟು ಅಂದ್ಕೊಂಡು ಇವನು ಮನೇಲಿ ಹೇಳ್ಲೂ ಇಲ್ಲ. ಮ್ಯಾಚ್ ಆಡಿ ಬೆವತಿದ್ರಿಂದ ಕನಿಷ್ಠ 90 ಎಂಎಲ್ ಆಗೋವರೆಗೂ ಸೀಲ್ ಮಾಡಿದ ನೀರಿನ ಬಾಟಲಿ ಕುಡೀತಾ ಕೂತಿದ್ನಂತೆ, ಎರಡು ಬಾಟಲಿಗೆ ಹಾಕಿ ಎ, ಬಿ ಅಂತ ಸೀಲ್ ಮಾಡಿದ್ರಂತೆ, ಒಂದು ಫಾರಂಗೆ ಸೈನ್ ಹಾಕಿ ಅದರ ಕಾಪಿ ಮಡಚಿ ಕಿಟ್‌ಬ್ಯಾಗ್ ಸೈಡ್ ಜಿಪ್ಪಲ್ಲಿ ತುರುಕಿದಾನೆ. ಆ ಕಾಪಿ ನೆನಪಲ್ಲಿಟ್ಕೊಳ್ಳಿ, ಮುಂದೆ ಬರುತ್ತೆ.

ಮಾರ್ಚಲ್ಲಿ ಈಮೇಲ್ ಬಂತು. ಅದೂ ಸ್ಪ್ಯಾಮ್‌ಗೆ ಹೋಗಿತ್ತು, ಐದು ದಿನ ಆದ್ಮೇಲೆ ಟೀಮಿನ ಇನ್ನೊಬ್ಬ ಹುಡುಗ ನಿನ್ನ ಹೆಸರು ಕೇಳಿಬರ್ತಿದೆ ಕಣೋ ನೋಡ್ಕೋ ಅಂದಾಗ ತೆಗೆದು ನೋಡಿದ್ದು. ನಾಡಾ, ಅಂದ್ರೆ ನಮ್ಮ ದೇಶದಲ್ಲಿ ಡೋಪಿಂಗ್ ತಡೆಯೋ ಸಂಸ್ಥೆಯ ನೋಟೀಸು. ಸ್ಯಾಂಪಲಲ್ಲಿ ಟೆರ್ಬುಟಲೀನ್ ಅನ್ನೋ ನಿಷೇಧಿತ ಔಷಧ ಸಿಕ್ಕಿದೆ, ಉತ್ತರ ಕೊಡಿ, ಬಿ ಸ್ಯಾಂಪಲ್, ಅಂದ್ರೆ ಆ ಎರಡನೇ ಬಾಟಲೀನೂ ಟೆಸ್ಟ್ ಮಾಡಿಸ್ಬೇಕಾದ್ರೆ ಇಷ್ಟು ದಿನದಲ್ಲಿ ಕೇಳಿ, ಎಲ್ಲಾ ಇಂಗ್ಲಿಷಲ್ಲಿ ನಾಲ್ಕು ಪುಟ. ಅವನು ನಂಗೆ ಫೋನ್ ಮಾಡಿ "ಅಕ್ಕ, ನಾನೇನೂ ಚುಚ್ಚಿಸ್ಕೊಂಡಿಲ್ಲ ಅಕ್ಕ" ಅಂತ ಅಂದವನು ಆಮೇಲೆ ಮಾತೇ ಆಡ್ಲಿಲ್ಲ, ಲೈನಲ್ಲಿ ಬರೀ ಉಸಿರು ಕೇಳಿಸ್ತಿತ್ತು.

ಆಮೇಲೆ ಶುರುವಾಯ್ತು ನೋಡಿ ಓಡಾಟ. ನಮ್ಮ ಪಟ್ಟಣದ ಒಬ್ಬ ವಕೀಲರ ಹತ್ರ ಹೋದ್ವಿ, ಜಮೀನು ಕೇಸಲ್ಲಿ ಒಳ್ಳೇ ಹೆಸರಿದೆ, ಆದ್ರೆ ಅವರು ನೋಟೀಸ್ ಎರಡು ಸಲ ಓದಿ, ಇದಕ್ಕೆ ರಿಟ್ ಹಾಕೋಣ, ಸ್ಟೇ ತರೋಣ ಅಂದ್ರು. ತಪ್ಪಾಗಿ ಹೇಳಿದ್ರು ಅಂತ ಬೈಯ್ಯಲ್ಲ, ಅವರಿಗೂ ಇಂಥದ್ದು ಮೊದಲನೇ ಸಲ. ಅದಕ್ಕಿಂತ ಕೆಟ್ಟದ್ದು ಇನ್ನೊಬ್ಬರು, ಆಟಗಾರರ ಮ್ಯಾನೇಜರು ಅಂತ ಹೇಳ್ಕೊಂಡು ಓಡಾಡೋವ್ರು, 3 ಲಕ್ಷ ಕೊಡಿ ಎಲ್ಲಾ ನೋಡ್ಕೋತೀನಿ, ಹುಡುಗ ಬರೀ ಊಟದಲ್ಲಿ ಯಾರೋ ಬೆರೆಸಿದ್ರು ಅಂತ ಹೇಳ್ಲಿ ಸಾಕು ಅಂದ್ರು. ಅಪ್ಪ ತೆಂಗಿನ ತೋಟದ ಮೇಲೆ ಸೊಸೈಟೀಲಿ ಸಾಲ ಕೇಳೋಕೆ ಹೊರಟೇಬಿಟ್ಟಿದ್ರು. ತಡೆದಿದ್ದು ಪಿಟಿ ಮೇಷ್ಟ್ರು. ಅವರ ಹಳೇ ಶಿಷ್ಯೆ ಒಬ್ಬಳು ಅಥ್ಲೀಟು, ಅವಳ ಸೆಲೆಕ್ಷನ್ ಗಲಾಟೆ ಇದೇ ವಕೀಲರು ನೋಡಿದ್ರಂತೆ, ನಂಬರ್ ಕೊಟ್ರು. ಮಾರನೇ ದಿನ ಬೆಳಗ್ಗೆ ಆರೂವರೆ ಬಸ್ಸಿಗೆ ಬೆಂಗಳೂರಿಗೆ ಹೊರಟ್ವಿ.

ಆಫೀಸು ಹುಡುಕೋದು ಕಷ್ಟ, ಬೋರ್ಡು ಕೆಳಗಡೆ ಕಾಣಲ್ಲ, ಜೆರಾಕ್ಸ್ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿ ಎರಡನೇ ಮಹಡಿ. ಅಲ್ಲಿ ಕೂರಿಸಿ ಮೊದಲು ನೀರು ಕೊಟ್ರು. ಸರ್ ಬಂದು ಫೈಲ್ ಮುಟ್ಲೇ ಇಲ್ಲ, ತಮ್ಮನ ಮುಖ ನೋಡಿ "ನೋಡಪ್ಪ, ಕೋರ್ಟಲ್ಲಿ ತಪ್ಪು ಮಾಡಿಲ್ಲ ಅಂತ ವಾದ ಮಾಡ್ತೀವಲ್ಲ, ಇಲ್ಲಿ ಅದು ನಡಿಯಲ್ಲ. ನಿನ್ನ ಮೈಯಲ್ಲಿ ಸಿಕ್ತು ಅಂದ್ರೆ ಜವಾಬ್ದಾರಿ ನಿಂದು. ಹೆಂಗೆ ಒಳಗೆ ಹೋಯ್ತು ಅಂತ ತೋರಿಸೋದು ನಿನ್ನ ಕೆಲಸ, ಅದನ್ನ ಸರಿಯಾಗಿ ತೋರಿಸಿದ್ರೆ ನಿನ್ನ ತಪ್ಪು ಎಷ್ಟು ಸಣ್ಣದು ಅಂತ ಹೇಳೋದು ನನ್ನ ಕೆಲಸ" ಅಂದ್ರು. ನಾನು ಇಡೀ ದಾರಿ ಬಸ್ಸಲ್ಲಿ, ವಕೀಲರು ಏನೂ ಆಗಲ್ಲ ಹೆದರ್ಬೇಡಿ ಅನ್ಲಿ ಅಂತ ದೇವರಿಗೆ ಬೇಡ್ಕೊಂಡು ಬಂದಿದ್ದೆ. ಅವರು ಹಂಗನ್ನಲಿಲ್ಲ. ಈಗ ಯೋಚನೆ ಮಾಡಿದ್ರೆ ಆ ಒಂದು ಮಾತಿಗೇ ನಾನು ಐದರಲ್ಲಿ ಮೂರು ಸ್ಟಾರ್ ಕೊಡ್ತೀನಿ.

ಅವತ್ತು ಅವರು ಎರಡು ಕೇಸಿನ ಕಥೆ ಹೇಳಿದ್ರು. ಒಂದು ನಮ್ಮ ಅಶ್ವಿನಿ ಅಕ್ಕುಂಜಿ ಅವರದ್ದು, ಕುಂದಾಪುರ ಕಡೆಯ ಸಿದ್ದಾಪುರದವರು, 2010ರಲ್ಲಿ ಕಾಮನ್‌ವೆಲ್ತ್, ಏಷ್ಯನ್ ಗೇಮ್ಸ್ ಎರಡರಲ್ಲೂ ಚಿನ್ನ ತಂದವರು, ಆಗ ನಾವೆಲ್ಲ ಶಾಲೇಲಿ ಅವರ ಫೋಟೋ ಅಂಟಿಸಿದ್ವಿ. 2011ರಲ್ಲಿ ಅವರು ಮತ್ತೆ ಜೊತೆಗಿದ್ದ ಓಟಗಾರ್ತಿಯರು ಸಿಕ್ಕಿಬಿದ್ರು, ಕೋಚ್ ತಂದುಕೊಟ್ಟ ಜಿನ್‌ಸೆಂಗ್ ಗುಳಿಗೆಯಲ್ಲಿ ನಿಷೇಧಿತ ಔಷಧ ಬೆರೆತಿತ್ತು ಅಂತ ಹೇಳಿದ್ರು. ಇಲ್ಲಿನ ಪ್ಯಾನೆಲ್ ಅದನ್ನ ನೋಡಿ 1 ವರ್ಷ ಮಾತ್ರ ಹಾಕ್ತು, ಆದ್ರೆ ಕೇಸು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯಕ್ಕೆ, ಕ್ಯಾಸ್ ಅಂತಾರಲ್ಲ ಅಲ್ಲಿಗೆ ಹೋಗಿ 2012ರಲ್ಲಿ 2 ವರ್ಷ ಆಯ್ತು. ಕೋಚೇ ಕೊಟ್ಟಿದ್ರೂ ನುಂಗಿದವರೇ ವಿಚಾರಿಸ್ಬೇಕಿತ್ತು ಅನ್ನೋದು ಇವರ ಕಾನೂನು. ಇನ್ನೊಂದು ಕುಸ್ತಿಯ ನರಸಿಂಗ್ ಯಾದವ್ ಅವರದ್ದು. 2016ರಲ್ಲಿ ಊಟ ಪಾನೀಯದಲ್ಲಿ ಯಾರೋ ಬೆರೆಸಿದ್ರು ಅನ್ನೋ ವಾದ ಇಲ್ಲಿ ಗೆದ್ದಿತ್ತು, ವಾಡಾ, ಅಂದ್ರೆ ಇಡೀ ಜಗತ್ತಿನ ಡೋಪಿಂಗ್ ತಡೆ ಸಂಸ್ಥೆ ಬಿಡ್ಲಿಲ್ಲ, ರಿಯೋ ಒಲಿಂಪಿಕ್ಸಲ್ಲಿ ಅವರ ಕುಸ್ತಿಗೆ ಹಿಂದಿನ ದಿನ ಕ್ಯಾಸ್ 4 ವರ್ಷ ನಿಷೇಧ ಹಾಕ್ತು. ಅದನ್ನ ಹೇಳಿ ಸರ್, ಆ ಮ್ಯಾನೇಜರ್ ಹೇಳ್ಕೊಟ್ಟ ಮಾತು ಬಾಯಿಗೆ ಬಂದ್ರೆ ನಾನು ಈ ಕೇಸಲ್ಲಿ ಇರಲ್ಲ ಅಂತ ಮುಖಕ್ಕೇ ಹೇಳಿದ್ರು. ಅಪ್ಪ ತಲೆ ತಗ್ಗಿಸಿದ್ರು.

ಆಮೇಲೆ ಜೂನಿಯರ್ ಮೇಡಂ ಒಂದು ಹಾಳೆ ತಗೊಂಡು ಜನವರಿ ತಿಂಗಳನ್ನ ದಿನ ದಿನವಾಗಿ ಗೆರೆ ಹಾಕಿ, ಬೆಳಗ್ಗೆ ಏನು ತಿಂದೆ, ಯಾರು ಕೊಟ್ರು, ಜ್ವರ ನೆಗಡಿ ಏನಾದ್ರೂ ಇತ್ತಾ ಅಂತ ಕೇಳ್ತಾ ಹೋದ್ರು. ಪ್ರೋಟೀನ್ ಪೌಡರ್ ಬಗ್ಗೆ ತುಂಬಾ ಕೇಳಿದ್ರು. ಸಂಕ್ರಾಂತಿ ಹತ್ರ ಬಂದಾಗ ತಮ್ಮ "ಕೆಮ್ಮಿತ್ತು ಮೇಡಂ, ಅಕ್ಕ ಸಿರಪ್ ತಂದುಕೊಟ್ಲು" ಅಂದ. ನನ್ನ ಕೈಕಾಲು ತಣ್ಣಗಾದವು. ಹೌದು, ನಾನೇ ತಂದಿದ್ದು. ಹಬ್ಬಕ್ಕೆ ಅಂತ ಮನೆಗೆ ಬಂದವನು ರಾತ್ರಿಯೆಲ್ಲಾ ಕೆಮ್ತಿದ್ದ, ಬೆಳಗ್ಗೆ ಕೆಲಸಕ್ಕೆ ಹೋಗೋವಾಗ ಮೆಡಿಕಲ್ ಶಾಪಲ್ಲಿ ಕಫದ ಕೆಮ್ಮಿಗೆ ಒಂದು ಕೊಡಿ ಅಂದೆ, ಅವರು ಕೊಟ್ರು, ಚೀಟಿ ಕೇಳ್ಲಿಲ್ಲ, ನಾನೂ ಓದ್ಲಿಲ್ಲ. ಟೆರ್ಬುಟಲೀನ್ ಅನ್ನೋದು ಉಸಿರಿನ ಕೊಳವೆ ಸಡಿಲ ಮಾಡೋ ಔಷಧ, ನಮ್ಮ ಕಡೆ ಸುಮಾರು ಕೆಮ್ಮಿನ ಸಿರಪ್ಪಲ್ಲಿ ಬ್ರೋಮ್‌ಹೆಕ್ಸಿನ್ ಜೊತೆ ಅದೂ ಸೇರಿರುತ್ತೆ. ವಾಡಾ ಪಟ್ಟೀಲಿ ಅದು ಮ್ಯಾಚ್ ಇದ್ರೂ ಇಲ್ದಿದ್ರೂ ನಿಷೇಧ. ಕ್ರಿಕೆಟರ್ ಪೃಥ್ವಿ ಶಾ 2019ರಲ್ಲಿ 8 ತಿಂಗಳು ಹೊರಗೆ ಕೂತಿದ್ದು ಇದೇ ಔಷಧಕ್ಕೆ, ಇದೇ ಕೆಮ್ಮಿನ ಸಿರಪ್ಪಿಗೆ. ಟಿವೀಲಿ ನಾನೂ ಆ ಸುದ್ದಿ ನೋಡಿದ್ದೆ, ಅದು ನಮ್ಮನೆ ಬಾಗಿಲಿಗೆ ಬರುತ್ತೆ ಅಂತ ಯಾರು ಅಂದ್ಕೋತಾರೆ ಹೇಳಿ.

ನಾನು ಅಳೋಕೆ ಶುರು ಮಾಡ್ದಾಗ ಮೇಡಂ ಹೇಳಿದ್ದು ಇನ್ನೂ ಕಿವೀಲಿದೆ. "ಅಕ್ಕಾ, ಅಳ್ಬೇಡಿ, ಇದು ನಮಗೆ ಸಿಕ್ಕ ಒಳ್ಳೇ ಸುದ್ದಿ. ಬಾಟಲಿ ಇದೆಯಾ?"

ಬಾಟಲಿ ಇತ್ತು! ಅವ್ವ ಯಾವ ಬಾಟಲೀನೂ ಬಿಸಾಕೋದಿಲ್ಲ. ಸಿರಪ್ ಖಾಲಿಯಾದ್ಮೇಲೆ ಬಿಸಿನೀರಲ್ಲಿ ತೊಳೆದು ದೇವರ ದೀಪಕ್ಕೆ ಎಳ್ಳೆಣ್ಣೆ ತುಂಬಿ ಗೂಡಲ್ಲಿ ಇಟ್ಟಿದ್ಲು. ಕಂದು ಬಣ್ಣದ ಬಾಟಲಿ, ಲೇಬಲ್ಲಿನ ಒಂದು ಮೂಲೆ ಎಣ್ಣೆ ಹೀರ್ಕೊಂಡು ಪಾರದರ್ಶಕ ಆಗಿತ್ತು, ಕುಂಕುಮ ಬೇರೆ ಅಂಟಿತ್ತು, ಆದ್ರೆ ಔಷಧಗಳ ಹೆಸರು, ಬ್ಯಾಚ್ ನಂಬರು, ತಯಾರಾದ ತಿಂಗಳು ಎಲ್ಲಾ ಓದೋ ಹಾಗೆ ಉಳ್ಕೊಂಡಿತ್ತು. ಮೇಡಂ ಫೋನಲ್ಲೇ, ಎಣ್ಣೆ ಬೇರೆ ಪಾತ್ರೆಗೆ ಬಗ್ಗಿಸಿ, ಬಾಟಲಿ ಒರೆಸ್ಬೇಡಿ, ಲೇಬಲ್ ಮುಟ್ಬೇಡಿ, ಒಂದು ಕವರಲ್ಲಿ ಹಾಕಿ ಅಂದ್ರು. ಅವ್ವನಿಗೆ ಏನೋ ಪೊಲೀಸ್ ಕೇಸು ಅಂತ ಗಾಬರಿ, ಆ ಬಾಟಲೀನ ಸೀರೆ ಸೆರಗಲ್ಲಿ ಸುತ್ತಿ ಬಸ್ ಸ್ಟ್ಯಾಂಡ್‌ವರೆಗೂ ತಾನೇ ತಂದುಕೊಟ್ಲು.

ಇನ್ನೊಂದು ಸಾಕ್ಷಿ ನನ್ನ ಫೋನಲ್ಲೇ ಇತ್ತು. ಮೆಡಿಕಲಲ್ಲಿ ಬಿಲ್ ತಗೊಂಡಿರ್ಲಿಲ್ಲ, ಆದ್ರೆ ಫೋನ್‌ಪೇಲಿ 118 ರೂಪಾಯಿ ಹೋಗಿದ್ದು ತಾರೀಖು ಟೈಮ್ ಸಮೇತ ಇತ್ತು, ಬೆಳಗ್ಗೆ 9:12. ಬಿಲ್ಲಿನ ನಕಲು ಕೊಡಿ ಅಂತ ಹೋದ್ರೆ ಅಂಗಡಿಯವರು ಮೊದಲು ಒಪ್ಲಿಲ್ಲ, ಚೀಟಿ ಇಲ್ದೆ ಕೊಟ್ಟಿದ್ದು ತಮ್ಮ ಮೇಲೆ ಬರುತ್ತೆ ಅಂತ ಹೆದರಿದ್ರು ಅನ್ಸುತ್ತೆ. ಸರ್ ಅವರಿಗೆ ಒಂದು ಮರ್ಯಾದೆಯ ಪತ್ರ ಬರೆದು, ಫೋನಲ್ಲೂ ಕನ್ನಡದಲ್ಲೇ ಸಮಾಧಾನವಾಗಿ ಮಾತಾಡಿ, ನಿಮ್ಮ ಮೇಲೆ ದೂರು ಅಲ್ಲ, ಒಂದು ಹುಡುಗನ ಬದುಕಿನ ಪ್ರಶ್ನೆ ಅಂತ ಹೇಳಿದ್ಮೇಲೆ ಕಂಪ್ಯೂಟರಿಂದ ಬಿಲ್ ತೆಗೆದುಕೊಟ್ರು. ಬ್ಯಾಚ್ ನಂಬರ್ ಬಾಟಲೀದಕ್ಕೆ ಸರಿಹೊಂದ್ತು. ಆ ಕ್ಷಣ ಅಂಗಡಿ ಮುಂದೆ ಚರಂಡಿ ಕಟ್ಟೆ ಮೇಲೆ ಕೂತುಬಿಟ್ಟೆ.

ಮತ್ತೆ ಆ ಫಾರಂ ಕಾಪಿ. ಡೋಪ್ ಕಂಟ್ರೋಲ್ ಫಾರಂ ಅಂತಾರೆ, ಅದರಲ್ಲಿ ಹಿಂದಿನ 7 ದಿನದಲ್ಲಿ ತಗೊಂಡ ಔಷಧಿ ಬರೀಬೇಕು. ಕಿಟ್‌ಬ್ಯಾಗಲ್ಲಿ ಬೆವರಿಗೆ ಒದ್ದೆಯಾಗಿ ಮಡಿಕೆ ಹರಿದಿತ್ತು, ಆದ್ರೆ ಇವನ ಕೈಬರಹದಲ್ಲಿ "ಕಾಫ್ ಸಿರಪ್, ವಿಟಮಿನ್" ಅಂತ ಇಂಗ್ಲಿಷಲ್ಲಿ ತಪ್ಪು ಸ್ಪೆಲಿಂಗಲ್ಲಿ ಬರೆದಿದ್ದು ಕಾಣ್ತಿತ್ತು. ಯಾವ ಕಂಪನಿ ಸಿರಪ್ ಅಂತ ಬರೆದಿರ್ಲಿಲ್ಲ. ಆದ್ರೂ ಸರ್ ಆ ಕಾಪೀನ ಬೆಳಕಿಗೆ ಹಿಡಿದು ನೋಡಿ, ಮುಚ್ಚಿಡೋವನು ಇದನ್ನ ಬರೀತಿರಲಿಲ್ಲ ಅಂದ್ರು. ಆಡೋ ಹುಡುಗರು ಯಾರಾದ್ರೂ ಇದನ್ನ ಓದ್ತಿದ್ರೆ ಕೈ ಮುಗಿದು ಹೇಳ್ತೀನಿ, ಆ ಫಾರಂ ತುಂಬೋವಾಗ ಅವಸರ ಮಾಡ್ಬೇಡಿ, ಎಷ್ಟೇ ಸುಸ್ತಾಗಿದ್ರೂ ಔಷಧಿ ಹೆಸರು ಪೂರ್ತಿ ಬರೀರಿ, ಕಾಪಿ ಜೋಪಾನ ಮಾಡಿ. ನಾಡಾದ್ದು ನೋ ಯುವರ್ ಮೆಡಿಸಿನ್ ಅಂತ ಆ್ಯಪ್ ಇದೆ, ಗುಳಿಗೆಯ ಹೆಸರು ಹಾಕಿದ್ರೆ ನಿಷೇಧ ಇದೆಯಾ ಇಲ್ವಾ ತೋರಿಸುತ್ತೆ. ಅದನ್ನ ಮನೇಲಿ ಅಕ್ಕ ತಂಗಿ ಅಮ್ಮಂದಿರ ಫೋನಿಗೂ ಹಾಕಿಕೊಡಿ, ಔಷಧಿ ತರೋರು ನಾವೇ ಅಲ್ವಾ.

ಕಾನೂನಿನ ಲೆಕ್ಕ ನಮಗೆ ಅರ್ಥ ಆಗೋ ಹಾಗೆ ಸರ್ ಹೇಳಿದ್ದನ್ನ ಇಲ್ಲಿ ಹೇಳ್ತೀನಿ. ಪಟ್ಟೀಲಿ ಎರಡು ಥರ ಇದೆಯಂತೆ. ಸ್ಟೀರಾಯ್ಡ್ ಥರದ್ದು ಸಿಕ್ಕಿದ್ರೆ ಶುರುವೇ 4 ವರ್ಷದಿಂದ. ಟೆರ್ಬುಟಲೀನ್ ಥರ ಔಷಧಿಯಲ್ಲಿ ಸಾಮಾನ್ಯವಾಗಿ ಬರೋದು ಸಿಕ್ಕಿದ್ರೆ, ಬೇಕಂತಲೇ ತಗೊಂಡ ಅಂತ ನಾಡಾ ಸಾಬೀತು ಮಾಡ್ದಿದ್ರೆ 2 ವರ್ಷ, ಅದರಲ್ಲೂ ದೊಡ್ಡ ನಿರ್ಲಕ್ಷ್ಯ ಇಲ್ಲ ಅಂತ ನಾವು ತೋರಿಸಿದ್ರೆ ಬರೀ ಎಚ್ಚರಿಕೆಯಿಂದ ಹಿಡಿದು 2 ವರ್ಷದ ಒಳಗೆ ಎಷ್ಟಾದ್ರೂ ಆಗ್ಬೋದು. ಬಿ ಸ್ಯಾಂಪಲ್ ತೆಗೆಸೋದಾ ಅಂತ ಕೇಳಿದ್ವಿ, ನೀನು ಕುಡ್ದಿದೀಯ ಅಂತ ಬಾಟಲಿನೇ ಹೇಳ್ತಿದೆ, ಅದಕ್ಕೆ ದುಡ್ಡು ಯಾಕೆ ಹಾಕ್ತೀರ ಅಂತ ಬೇಡ ಅಂದ್ರು. ಬೇರೆಯವರಾಗಿದ್ರೆ ಅದನ್ನೂ ಮಾಡಿಸಿ ಅದಕ್ಕೂ ಫೀಸ್ ಹಾಕ್ತಿದ್ರೇನೋ.

ಅವರು ಕೊಟ್ಟ ಬುದ್ಧಿವಂತಿಕೆಯ ಸಲಹೆ ಅಂದ್ರೆ ಇದು. ಈ ಥರದ ಔಷಧಕ್ಕೆ ತಾತ್ಕಾಲಿಕ ಅಮಾನತು ಕಡ್ಡಾಯ ಅಲ್ಲ, ವಿಚಾರಣೆ ಮುಗಿಯೋವರೆಗೂ ಆಡ್ಬೋದಿತ್ತು. ತಮ್ಮನಿಗೆ ಆಡೋ ಆಸೆ, ಮುಂದೆ ಎರಡು ಟೂರ್ನಮೆಂಟ್ ಇತ್ತು. ಸರ್ ಬೇಡ ಅಂದ್ರು, ನೀನಾಗೇ ಅಮಾನತು ಒಪ್ಕೊಂಡು ಬರ್ಕೊಡು, ಕೂತ ಪ್ರತಿಯೊಂದು ದಿನ ಆಮೇಲೆ ಶಿಕ್ಷೇಲಿ ಕಳೀತಾರೆ, ಈಗ ಆಡಿದ್ರೆ ಆ ಮ್ಯಾಚೂ ಹೋಗುತ್ತೆ, ಶಿಕ್ಷೆನೂ ಮುಂದಕ್ಕೆ ಹೋಗಿ ಸೀಸನ್ನಿಗೆ ಬಂದು ಕೂರುತ್ತೆ ಅಂದ್ರು. ಅವನು ಎರಡು ದಿನ ಊಟ ಸರಿಯಾಗಿ ಮಾಡ್ಲಿಲ್ಲ, ಮೂರನೇ ದಿನ ಸೈನ್ ಹಾಕ್ದ. ಮಾರ್ಚ್ 20ನೇ ತಾರೀಖು. ಅವತ್ತಿಂದ ಟೀಮ್ ಜೊತೆ ಪ್ರಾಕ್ಟೀಸೂ ಮಾಡೋ ಹಾಗಿಲ್ಲ. ತೋಟದಲ್ಲಿ ಒಬ್ಬನೇ ತೆಂಗಿನ ಮರಕ್ಕೆ ಹಳೇ ಟ್ಯೂಬ್ ಕಟ್ಕೊಂಡು ಎಳೀತಿದ್ದ, ಸಂಜೆ ಹೊತ್ತು ಬಗ್ಗಿ ಬಗ್ಗಿ ಯಾರೂ ಇಲ್ದಿರೋ ರೈಡರ್ ಕಾಲಿಗೆ ಆ್ಯಂಕಲ್ ಹೋಲ್ಡ್ ಹಾಕೋದು ಪ್ರಾಕ್ಟೀಸ್ ಮಾಡ್ತಿದ್ದ. ನೋಡೋಕೆ ಆಗ್ತಿರಲಿಲ್ಲ.

ಟೀಮಿನ ಕಾಂಟ್ರಾಕ್ಟ್ ವಿಷಯಾನೂ ಇವರೇ ನೋಡಿದ್ರು. ತಮ್ಮ ಅದಕ್ಕೆ ಸೈನ್ ಹಾಕಿದ್ದು ಒಂದು ಹೋಟೆಲ್ ಲಾಬೀಲಿ ನಿಂತ್ಕೊಂಡು, ಕೊನೇ ಪುಟ ಮಾತ್ರ ತೆರೆದು ತೋರಿಸಿದ್ರಂತೆ, ಮೂವತ್ತಕ್ಕೂ ಜಾಸ್ತಿ ಪುಟ. ಒಂದು ಕಾಪೀನೂ ಇವನ ಹತ್ರ ಇರ್ಲಿಲ್ಲ, ಸರ್ ಈಮೇಲ್ ಮಾಡಿ ತರಿಸ್ಕೊಂಡ್ರು. ಡೋಪಿಂಗ್ ನೋಟೀಸು ಬಂದ್ರೆ ತಕ್ಷಣ ಬರಹದಲ್ಲಿ ತಿಳಿಸ್ಬೇಕು ಅಂತ ಒಂದು ಕಲಂ, ತಪ್ಪು ಸಾಬೀತಾದ್ರೆ ಕಾಂಟ್ರಾಕ್ಟ್ ರದ್ದು ಮಾಡ್ಬೋದು ಅಂತ ಇನ್ನೊಂದು, ಜಗಳ ಆದ್ರೆ ಮುಂಬೈಯಲ್ಲಿ ಮಧ್ಯಸ್ಥಿಕೆ ಅಂತ ಮತ್ತೊಂದು. ಅವತ್ತೇ ಟೀಮಿಗೆ ಪತ್ರ ಹೋಯ್ತು. ಅವರು ಇನ್ನು ಒಂದು ಪೈಸೆ ಕೊಡಲ್ಲ ಅಂತ ಕೂತಿದ್ರು, ಆಗ್ಲೇ ಆಡಿ ಮುಗಿಸಿದ ಮ್ಯಾಚಿನ ಬಾಕಿ ಹಿಡಿಯೋಕೆ ಆ ಕಾಂಟ್ರಾಕ್ಟಲ್ಲೇ ಅಧಿಕಾರ ಇಲ್ಲ ಅಂತ ಸರ್ ಕಲಂ ನಂಬರ್ ಹಾಕಿ ಬರೆದ್ರು, ಮೂರು ಪತ್ರ ಆದ್ಮೇಲೆ ಆ ಬಾಕಿ ಬಂತು. ಮುಂದಿನ ಸೀಸನ್ನಿನ ದುಡ್ಡು ಬರ್ಲಿಲ್ಲ, ಬರಲ್ಲ ಅಂತ ಮೊದಲೇ ಹೇಳಿದ್ರು. ನನ್ನ ಕೇಳಿದ್ರೆ ಡೋಪಿಂಗಿಗಿಂತ ಮೊದಲು ಕಾಂಟ್ರಾಕ್ಟ್ ಓದಿಸೋಕೇ ಇಂಥವರ ಹತ್ರ ಹೋಗ್ಬೇಕು, ಸೈನ್ ಹಾಕೋ ಮುಂಚೆ. ಬರೀ ಓದಿ ಕನ್ನಡದಲ್ಲಿ ಅರ್ಥ ಹೇಳೋಕೆ ಇವರು ತಗೊಳ್ಳೋದು 4 ಸಾವಿರ.

ಈಗ ಹಿಯರಿಂಗ್. ಅದಕ್ಕೂ ಮುಂಚೆ ತಮ್ಮನ ಹೇಳಿಕೆ ತಯಾರಾಗಿದ್ದು ನೋಡ್ಬೇಕಿತ್ತು ನೀವು. ಅವನು ಕನ್ನಡದಲ್ಲಿ, ಅಂದ್ರೆ ನಮ್ಮೂರ ಕನ್ನಡದಲ್ಲಿ ಹೇಳ್ತಾ ಹೋದ, ಮೇಡಂ ಹಂಗೇ ಬರ್ಕೊಂಡು ಆಮೇಲೆ ಇಂಗ್ಲಿಷ್ ಮಾಡಿ, ಮತ್ತೆ ಪ್ರತಿ ಸಾಲೂ ಕನ್ನಡದಲ್ಲಿ ಓದಿ, ಇದು ನೀನು ಹೇಳಿದ್ದೇನಾ, ಒಂದು ಮಾತು ಜಾಸ್ತಿ ಆಗಿದ್ರೂ ಹೇಳು ಅಂತ ಕೇಳಿದ್ರು. ಒಂದು ಕಡೆ ಅವರು "ಎರಡು ಚಮಚ" ಅಂತ ಹಾಕಿದ್ರು, ಇವನು ಚಮಚ ಅಲ್ಲ ಮೇಡಂ ಬಾಟಲಿ ಮುಚ್ಚಳದಲ್ಲಿ ಕುಡಿದೆ, ಬೆಳಗ್ಗೆ ಎರಡು ರಾತ್ರಿ ಎರಡು ಅಂದ. ಅದನ್ನ ತಿದ್ದಿದ್ರು. ಅಷ್ಟು ಸಣ್ಣ ವಿಷಯ ಅಂತ ನನಗನ್ಸಿತ್ತು, ಹಿಯರಿಂಗಲ್ಲಿ ಅದೇ ಮುಖ್ಯ ಆಯ್ತು.

ಹಿಯರಿಂಗ್ ವಿಡಿಯೋ ಕಾಲಲ್ಲಿ, ದೆಹಲಿಗೆ ಹೋಗೋ ಹಾಗಿರಲಿಲ್ಲ, ವಕೀಲರ ಆಫೀಸಲ್ಲೇ ಕೂತ್ವಿ. ಪ್ಯಾನೆಲಲ್ಲಿ ಮೂರು ಜನ, ಒಬ್ಬರು ಕಾನೂನಿನವರು, ಒಬ್ಬರು ಡಾಕ್ಟರು, ಒಬ್ಬರು ಹಿಂದೆ ಆಡಿದ್ದ ಕ್ರೀಡಾಪಟು. ತಮ್ಮನಿಗೆ ಇಂಗ್ಲಿಷ್ ಹಿಂದಿ ಎರಡೂ ಅಷ್ಟಕ್ಕಷ್ಟೇ, ಸರ್ ಮೊದಲೇ ಈಮೇಲ್ ಬರೆದು ಅವನು ಕನ್ನಡದಲ್ಲೇ ಉತ್ತರ ಕೊಡ್ತಾನೆ, ತರ್ಜುಮೆಗೆ ಒಬ್ಬರು ಇರ್ತಾರೆ ಅಂತ ಒಪ್ಪಿಗೆ ತಗೊಂಡಿದ್ರು. ಇದು ಆಟಗಾರನ ಹಕ್ಕು ಅಂತ ಅವತ್ತೇ ಗೊತ್ತಾಗಿದ್ದು. ಡಾಕ್ಟರು ಕೇಳಿದ ಮೊದಲ ಪ್ರಶ್ನೆನೇ ಎಷ್ಟು ಕುಡಿದೆ, ಎಷ್ಟು ದಿನ, ಕೊನೇ ಸಲ ಯಾವಾಗ ಅಂತ. ಇವನು ಮುಚ್ಚಳದ ಲೆಕ್ಕ ಹೇಳ್ದ, ಬಾಟಲಿ ಅಳತೆ, ಕುಡಿದ ದಿನ, ಸ್ಯಾಂಪಲಲ್ಲಿ ಸಿಕ್ಕ ಪ್ರಮಾಣ, ಒಂದಕ್ಕೊಂದು ಕೂಡ್ಕೊಂಡ್ತು. ಪ್ಯಾನೆಲಲ್ಲಿದ್ದ ಕ್ರೀಡಾಪಟು ಕೇಳಿದ್ರು, ನಿನಗೆ ಡೋಪಿಂಗ್ ಬಗ್ಗೆ ಯಾರೂ ಹೇಳಿಕೊಟ್ಟಿರ್ಲಿಲ್ವಾ ಅಂತ. ಇವನು ಒಂದು ಸಲ ಕ್ಲಾಸ್ ಮಾಡಿದ್ರು ಸರ್, ನಾನು ಹಿಂದೆ ಕೂತಿದ್ದೆ, ಇಂಜೆಕ್ಷನ್ ಮಾತ್ರ ತಪ್ಪು ಅಂದ್ಕೊಂಡಿದ್ದೆ, ಸಿರಪ್ ಬಗ್ಗೆ ಟೀಮ್ ಫಿಸಿಯೋನ ಕೇಳ್ಬೇಕಿತ್ತು, ಕೇಳ್ಲಿಲ್ಲ, ಅದು ನನ್ನ ತಪ್ಪು ಅಂದ. ಅದನ್ನ ಯಾರೂ ಹೇಳ್ಕೊಟ್ಟಿರ್ಲಿಲ್ಲ. ಸರ್ ಹೇಳ್ಕೊಟ್ಟಿದ್ದು ಒಂದೇ, ಗೊತ್ತಿದ್ದದ್ದು ಹೇಳು, ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ನು. ನಾನೂ ಸಾಕ್ಷಿ, ಫೋನ್‌ಪೇ ಸ್ಕ್ರೀನ್‌ಶಾಟು, ಬಿಲ್ಲು, ಅವ್ವನ ಎಣ್ಣೆ ಬಾಟಲಿ ಕ್ಯಾಮೆರಾ ಮುಂದೆ ಹಿಡಿದು ತೋರಿಸ್ದೆ. ಕೈ ನಡುಗ್ತಿತ್ತು, ಮೇಡಂ ಕೆಳಗಿಂದ ನನ್ನ ಮೊಣಕೈ ಹಿಡ್ಕೊಂಡಿದ್ರು.

ಫೀಸು: ಒಟ್ಟು 75 ಸಾವಿರ, ಮೂರು ಕಂತಲ್ಲಿ, ಪ್ರತಿ ಸಲ ರಸೀದಿ ಕೊಟ್ರು. ನಮಗೆ ಅದು ಸಣ್ಣ ದುಡ್ಡಲ್ಲ, ಒಂದು ಕಂತಿಗೆ ನನ್ನ ಚೀಟಿ ಎತ್ತಿದೆ. ಆದ್ರೆ ಮೊದಲ ದಿನವೇ ಒಂದು ಹಾಳೇಲಿ ಇದಕ್ಕಿಷ್ಟು ಅದಕ್ಕಿಷ್ಟು, ಅಪೀಲಾದ್ರೆ ಬೇರೆ ಅಂತ ಬರೆದುಕೊಟ್ಟಿದ್ರು, ಕೊನೇವರೆಗೂ ಅದರ ಮೇಲೆ ಒಂದು ರೂಪಾಯಿ ಕೇಳ್ಲಿಲ್ಲ. ಪೂರ್ತಿ ಕೈಲಾಗದವರಿಗೆ ವರ್ಷಕ್ಕೆ ಒಂದೋ ಎರಡೋ ಕೇಸು ಫೀಸಿಲ್ದೆ ನೋಡ್ತಾರಂತೆ. ಕ್ಯಾಸ್‌ಗೆ ಹೋಗೋ ಪರಿಸ್ಥಿತಿ ಬಂದ್ರೂ ಹೆದರ್ಬೇಡಿ, ಅಲ್ಲೂ ಬಡ ಆಟಗಾರರಿಗೆ ಕಾನೂನು ನೆರವು ಇದೆ, ಅರ್ಜಿ ಹಾಕ್ಬೇಕು ಅಂತ ತಿಳಿಸಿದ್ರು. ಓಟಗಾರ್ತಿ ದ್ಯುತಿ ಚಂದ್ 2015ರಲ್ಲಿ ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಫೆಡರೇಶನ್ನಿನ ನಿಯಮದ ವಿರುದ್ಧ ಅಲ್ಲಿ ಗೆದ್ದಾಗ ಕೆನಡಾದ ವಕೀಲರು ದುಡ್ಡು ತಗೊಳ್ದೆ ವಾದ ಮಾಡಿದ್ರು ಅನ್ನೋದನ್ನೂ ಇವರಿಂದಲೇ ಕೇಳಿದ್ದು.

ಅರ್ಧ ಸ್ಟಾರ್ ಯಾಕೆ ಕಮ್ಮಿ ಅಂದ್ರೆ, ಹಗಲಲ್ಲಿ ಸರ್ ಫೋನ್ ಎತ್ತಲ್ಲ. ಕೋರ್ಟಲ್ಲಿ ಇರ್ತಾರೆ ಸರಿ, ಆದ್ರೆ ಮನೇಲಿ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರೋರಿಗೆ ರಾತ್ರಿ ಹನ್ನೊಂದು ಗಂಟೆವರೆಗೂ ಕಾಯೋದು ಕಷ್ಟ. ಒಂದು ಸಲ ಹಿಯರಿಂಗ್ ತಾರೀಖು ಮುಂದಕ್ಕೆ ಹೋಗಿದ್ದು ನಮಗೆ ಮೂರು ದಿನ ಆದ್ಮೇಲೆ ಗೊತ್ತಾಯ್ತು, ನಾನು ರಜೆ ಹಾಕಿ ಸಂಬಳ ಕಳ್ಕೊಂಡೆ. ಇದನ್ನ ಅವರಿಗೂ ಹೇಳಿದೀನಿ, ಆಮೇಲೆ ಮೇಡಂ ವಾಟ್ಸಾಪಲ್ಲಿ ವಾರಕ್ಕೊಂದು ಮೆಸೇಜ್ ಹಾಕೋಕೆ ಶುರು ಮಾಡಿದ್ರು, ಏನೂ ಇಲ್ದಿದ್ರೆ ಈ ವಾರ ಏನೂ ಇಲ್ಲ ಅಂತಾದ್ರೂ. ಇನ್ನೊಂದು, ಲಿಫ್ಟಿಲ್ಲ, ಅಪ್ಪ ಮಂಡಿ ನೋವಲ್ಲಿ ಆ ಮೆಟ್ಟಿಲು ಹತ್ತೋದು ಕಷ್ಟ ಆಯ್ತು.

ಊರಿನ ಬಗ್ಗೆ ಒಂದು ಮಾತು ಹೇಳ್ದೆ ಇರೋಕಾಗಲ್ಲ. ಸುದ್ದಿ ಹೊರಗೆ ಬಂದ ದಿನ ಒಂದು ವಾಟ್ಸಾಪ್ ಗ್ರೂಪಲ್ಲಿ ಇವನ ಫೋಟೋ ಹಾಕಿ ಡ್ರಗ್ಸ್ ತಗೊಂಡ ಅಂತ ಬರೆದಿದ್ರು. ಡೋಪಿಂಗಿಗೂ ಗಾಂಜಾ ಅಫೀಮಿಗೂ ವ್ಯತ್ಯಾಸ ಗೊತ್ತಿಲ್ದೆ ಜನ ಅವ್ವನ್ನ ಹಾಲಿನ ಡೈರೀಲಿ ನಿಲ್ಲಿಸ್ಕೊಂಡು ಕೇಳ್ತಿದ್ರು. ಇದಕ್ಕೂ ಸರ್ ಒಂದು ಕೆಲಸ ಮಾಡಿದ್ರು, ಕೇಸಿನ ಕೆಲಸ ಅಲ್ಲ ಅದು. ಅರ್ಧ ಪುಟ ಕನ್ನಡದಲ್ಲಿ, ಏನಾಗಿದೆ, ಯಾವ ಔಷಧ, ವಿಚಾರಣೆ ನಡೀತಿದೆ ಅಂತ ಬರೆದುಕೊಟ್ರು. ಪಿಟಿ ಮೇಷ್ಟ್ರು ಅದನ್ನ ಅದೇ ಗ್ರೂಪಿಗೆ ಹಾಕಿದ್ರು, ಡೈರಿ ಗೋಡೆಗೂ ಅಂಟಿಸಿದ್ರು. ಅವತ್ತಿಂದ ಅವ್ವ ಮತ್ತೆ ತಾನೇ ಹಾಲು ಹಾಕೋಕೆ ಹೋಗ್ತಾಳೆ.

ನೀವು ಇಂಥ ವಕೀಲರ ಹತ್ರ ಹೋಗೋದಾದ್ರೆ ನೋಟೀಸಿನ ಈಮೇಲ್ ಫಾರ್ವರ್ಡ್ ಮಾಡಿ, ಸ್ಕ್ರೀನ್‌ಶಾಟ್ ಬೇಡ, ಬಂದ ತಾರೀಖು ಮುಖ್ಯ. ಮನೇಲಿರೋ ಔಷಧಿ, ಪೌಡರ್ ಡಬ್ಬ, ಖಾಲಿ ಸ್ಟ್ರಿಪ್ ಕೂಡ ಬಿಸಾಕ್ದೆ ಹಂಗೇ ತಗೊಂಡು ಹೋಗಿ. ಗ್ಯಾರಂಟಿ ಕೊಡೋರ ಹತ್ರ ನಿಲ್ಲಬೇಡಿ.

ಆರ್ಡರ್ ಬಂದಿದ್ದು ಅಕ್ಟೋಬರ್ 20ಕ್ಕೆ. 9 ತಿಂಗಳು ನಿಷೇಧ, ಮಾರ್ಚ್ 20ರಿಂದ ಲೆಕ್ಕ. ಅಂದ್ರೆ 7 ತಿಂಗಳು ಆಗ್ಲೇ ಮುಗಿದಿತ್ತು. ವಾಡಾ ಅಪೀಲ್ ಹೋಗೋ ಅವಕಾಶ ಇನ್ನೂ ಇದೆ, ಆ ಗಡುವು ದಾಟೋವರೆಗೂ ಸಿಹಿ ಹಂಚ್ಬೇಡಿ ಅಂತ ಸರ್ ಎಚ್ಚರಿಸಿದ್ರು, ಆ ಗಡುವೂ ದಾಟ್ತು. ಆದ್ರೆ ನನಗೆ ನೆನಪಿರೋದು ಆರ್ಡರ್ ಬಂದ ರಾತ್ರಿಯ ಫೋನು. ಹನ್ನೊಂದು ಗಂಟೆಗೆ ಸರ್ ಫೋನ್ ಮಾಡಿ ತಮ್ಮನಿಗೆ ಕೊಡಿ ಅಂದ್ರು, ಸ್ಪೀಕರ್ ಹಾಕ್ದೆ. "ನೋಡಪ್ಪ, ನಿಯಮದಲ್ಲಿ ಕೊನೇ ಎರಡು ತಿಂಗಳು ಟೀಮ್ ಜೊತೆ ಪ್ರಾಕ್ಟೀಸ್ ಮಾಡೋಕೆ ಬಿಡ್ತಾರೆ, ಮ್ಯಾಚ್ ಆಡೋ ಹಾಗಿಲ್ಲ ಅಷ್ಟೇ. ಲೆಕ್ಕ ಹಾಕು, ಆ ಎರಡು ತಿಂಗಳು ಇವತ್ತಿಂದಲೇ ಶುರು. ನಾಳೆ ಬೆಳಗ್ಗೆ ಮ್ಯಾಟ್ ಮೇಲೆ ಹೋಗು."

ಅವನು ಬೆಳಗ್ಗೆವರೆಗೂ ಕಾಯ್ಲಿಲ್ಲ. ಕಿಟ್‌ಬ್ಯಾಗ್ ಅಟ್ಟದಿಂದ ಇಳಿಸಿ, ನಡುಮನೇಲಿ ಕೂತು ಮೊಣಕಾಲ ಪಟ್ಟಿಯ ಧೂಳು ಒರೆಸ್ತಾ ಇದ್ದ, ಅವ್ವ ಪಕ್ಕದಲ್ಲಿ ಹರಿದ ಜಿಪ್ಪಿಗೆ ಹೊಲಿಗೆ ಹಾಕ್ತಿದ್ಲು.